ಒಟ್ಟು ಮೊತ್ತವೇ ಅರ್ಧ ವೃತ್ತವನ್ನು ಆವರಿಸಿದಾಗ

ಬಸವನಗುಡಿಯ ಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಮನೆಯ ತಿಂಗಳ ಖರ್ಚನ್ನು ಸ್ಪ್ರೆಡ್‌ಶೀಟ್‌ನಲ್ಲಿ (ಕಂಪ್ಯೂಟರಿನ ಲೆಕ್ಕದ ಕೋಷ್ಟಕದಲ್ಲಿ) ದಾಖಲಿಸಿ ಪೈ ಚಾರ್ಟ್, ಅಂದರೆ ಪಾಲುಗಳನ್ನು ವೃತ್ತದ ತುಂಡುಗಳಾಗಿ ತೋರಿಸುವ ಚಿತ್ರ, ರಚಿಸುವುದನ್ನು ಕಲಿಸುತ್ತಿದ್ದೆ. ಉದಾಹರಣೆಯ ಒಟ್ಟು ಖರ್ಚು 30,000 ರೂಪಾಯಿ, ಅದರಲ್ಲಿ ಮನೆ ಬಾಡಿಗೆ 12,000. ಬಾಡಿಗೆಯ ಪಾಲು ಶೇ. 40 ಎಂದು ಮಕ್ಕಳು ಕೈಲೆಕ್ಕದಲ್ಲಿ ಸರಿಯಾಗಿ ಹೇಳಿದರೂ ಹಲವರ ಚಾರ್ಟ್‌ನಲ್ಲಿ ಅದು ಶೇ. 20 ಎಂದು ಕಾಣುತ್ತಿತ್ತು.

ಪರಿಶೀಲಿಸಿದಾಗ, ಅವರು ದತ್ತಾಂಶವನ್ನು ಆಯ್ಕೆ ಮಾಡುವಾಗ ಕೊನೆಯ 'ಒಟ್ಟು' ಎಂಬ ಸಾಲನ್ನೂ ಸೇರಿಸಿಕೊಂಡಿದ್ದು ತಿಳಿಯಿತು. ಪೈ ಚಾರ್ಟ್ ತನಗೆ ಕೊಟ್ಟ ಸಂಖ್ಯೆಗಳನ್ನೆಲ್ಲ ತಾನೇ ಕೂಡಿಸಿಕೊಂಡು ಪಾಲು ಹಂಚುವುದರಿಂದ, ಮೊತ್ತವು 60,000 ಆಗಿ, 'ಒಟ್ಟು' ಎಂಬುದೇ ಅರ್ಧ ವೃತ್ತವನ್ನು ಆಕ್ರಮಿಸಿ, ಉಳಿದ ಪಾಲುಗಳೆಲ್ಲ ಅರ್ಧಕ್ಕೆ ಕುಗ್ಗಿದ್ದವು. ಆ ಸಾಲನ್ನು ಬಿಟ್ಟು ಮತ್ತೆ ಆಯ್ಕೆ ಮಾಡಿಸಿದ ಮೇಲೆ ಶೇ. 40 ಬಂತು. ಕೋನಮಾಪಕದಿಂದ 144 ಡಿಗ್ರಿಯ ಅದೇ ಪಾಲನ್ನು ನೋಟ್‌ಬುಕ್ಕಿನಲ್ಲೂ ಬರೆಸಿದೆ. ಯಂತ್ರದ ಉತ್ತರವನ್ನು ಕೈಯಿಂದ ತಾಳೆ ನೋಡುವ ಈ ಅಭ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ.

ಒಬ್ಬ ಹುಡುಗಿಯ ಚಾರ್ಟ್‌ನಲ್ಲಿ ಬಸ್ ಖರ್ಚಿನ ತುಂಡೇ ಇರಲಿಲ್ಲ. ಆಕೆ '2,400 ರೂಪಾಯಿ' ಎಂದು ಅಕ್ಷರ ಸಹಿತ ಬರೆದಿದ್ದರಿಂದ ಅದು ಸಂಖ್ಯೆಯಾಗದೆ ಬರೀ ಪಠ್ಯವಾಗಿ ಉಳಿದಿತ್ತು. ಅಂಕಿಯನ್ನಷ್ಟೇ ಬರೆಸಿದಾಗ ತುಂಡು ಮೂಡಿತು.