ಬಿದ್ದ ಮೇಲೆ ಮತ್ತೆ ಕುದುರೆ ಹತ್ತಿದ್ದು

ಯಲಹಂಕದ ಆಚೆ ಕುದುರೆ ಸವಾರಿ ಕಲಿಯುತ್ತಿದ್ದೆ. ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಕವರ್‌ಗೆ ಬೆಚ್ಚಿ ಕುದುರೆ ಪಕ್ಕಕ್ಕೆ ಜಿಗಿಯಿತು, ನಾನು ನೆಲಕ್ಕೆ. ಮೂಳೆ ಮುರಿಯಲಿಲ್ಲ. ಆದರೆ ಆಮೇಲೆ ಹತ್ತಲು ಹೋದರೆ ಸಾಕು, ಕೈ ನಡುಗುತ್ತಿತ್ತು.

ಮೊದಲು ಹೆಲ್ಮೆಟ್ ಬದಲಿಸಿದೆ. ಒಮ್ಮೆ ಪೆಟ್ಟು ತಿಂದದ್ದು ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಕುಗ್ಗಿರಬಹುದು. ದುಡ್ಡು ಜಾಸ್ತಿಯೇ ಆಯ್ತು, ಇರಲಿ.

ಕೆಲವು ದಿನ ಸವಾರಿಯೇ ಇಲ್ಲ. ಸುಮ್ನೆ ಮೈ ಉಜ್ಜುವುದು, ಹಗ್ಗ ಹಿಡಿದು ನಡೆಸುವುದು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ, ನಮ್ಮ ಗಮನಕ್ಕೆ ಬಾರದ್ದೂ ಅದಕ್ಕೆ ಬೀಳುತ್ತದೆ. ಬೆದರಿದರೆ ಮೊದಲು ಓಟ, ಆಮೇಲೆ ಯೋಚನೆ. ಹಾಗಾಗಿ ಅದರ ಕಿವಿ ಗಮನಿಸಲು ಕಲಿತೆ. ತಲೆ ಎತ್ತಿ ಕಿವಿ ಒಂದೇ ಕಡೆ ನೆಟ್ಟರೆ ಏನೋ ಕಂಡಿದೆ ಅಂತ ಲೆಕ್ಕ.

ಮತ್ತೆ ಹತ್ತಿದಾಗ ತರಬೇತುದಾರರು ನಡುವೆ ನಿಂತು, ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸಿದರು. ಲಗಾಮಿನ ಚಿಂತೆ ನನಗಿಲ್ಲ. “ಉಸಿರು ಬಿಡಿ ಮೇಡಂ” ಅನ್ನುತ್ತಲೇ ಇದ್ದರು. ಉಸಿರು ಹಿಡಿದರೆ ತೊಡೆ ಬಿಗಿಯುತ್ತದೆ, ಅದು ಕುದುರೆಗೂ ಗೊತ್ತಾಗುತ್ತದೆ, ಅಲ್ವಾ? ನಾನು ಹಾಡು ಗುನುಗಿದೆ. ಹಾಡುವಾಗ ಉಸಿರು ಹಿಡಿಯಲು ಆಗುವುದಿಲ್ಲ.

ಬಿದ್ದ ತಕ್ಷಣ ಮತ್ತೆ ಹತ್ತಬೇಕು ಅಂತಾರೆ. ತಲೆಗೆ ಪೆಟ್ಟಾಗಿದ್ದರೆ ಆ ಮಾತು ಕೇಳಬೇಡಿ, ಮೊದಲು ಡಾಕ್ಟರ್ ಹತ್ತಿರ ಹೋಗಿ. ನಾನೀಗ ಕುದುರೆಯ ನಿಧಾನ ಓಟವಾದ ಟ್ರಾಟ್‌ವರೆಗೆ ಬಂದಿದ್ದೇನೆ. ಅದಕ್ಕಿಂತ ವೇಗದ ಕ್ಯಾಂಟರ್ ಸದ್ಯಕ್ಕೆ ಬೇಡ ಅಂದಿದ್ದೇನೆ.