ಗೋವಿನಜೋಳದ ತೆನೆಯಲ್ಲಿ ಕಾಳು ಕಟ್ಟಿದೆಯೇ? ಕೂದಲು ನೋಡಿ ತಿಳಿಯಿರಿ

ಸವದತ್ತಿ, ಗೋಕಾಕ ಕಡೆ ಗೋವಿನಜೋಳ ಹಾಕಿದವರು ದಯವಿಟ್ಟು ಓದಿ. ತೆನೆಯ ತುದಿಯಲ್ಲಿ ಇಳಿಬೀಳುವ ಕೂದಲಿನ ಒಂದೊಂದು ಎಳೆಯೂ ಒಳಗಿನ ಒಂದೊಂದು ಅಂಡಕಕ್ಕೆ, ಅಂದರೆ ಮುಂದೆ ಕಾಳಾಗುವ ಭಾಗಕ್ಕೆ, ಸೇರಿದ್ದು. ಮೇಲಿನ ಗಂಡು ಹೂವಿನಿಂದ ಉದುರಿದ ಪರಾಗ ಎಳೆಯ ಮೇಲೆ ಕುಳಿತ ಮಾತ್ರಕ್ಕೆ ಕಾಳು ಕಟ್ಟುವುದಿಲ್ಲ. ಆ ಕಣ ಮೊಳೆತು, ಎಳೆಯೊಳಗೆ ಪರಾಗನಾಳವನ್ನು ಇಳಿಸಬೇಕು. ಸುಮಾರು ಒಂದು ದಿನದಲ್ಲಿ ಆ ನಾಳ ಗೇಣುದ್ದದ ದಾರಿ ಸಾಗಿ ಅಂಡಕವನ್ನು ಮುಟ್ಟುತ್ತದೆ. ಅದು ಹೊತ್ತು ತಂದ ಎರಡು ಗಂಡು ಕೋಶಗಳಲ್ಲಿ ಒಂದರಿಂದ ಭ್ರೂಣ, ಇನ್ನೊಂದರಿಂದ ನಾವು ಹಿಟ್ಟು ಮಾಡಿಕೊಳ್ಳುವ ಪಿಷ್ಟದ ಭಾಗ. ಎಷ್ಟು ಅಚ್ಚುಕಟ್ಟು ನೋಡಿ!

ಎಳೆ ಒಣಗಿದರೆ ನಾಳಕ್ಕೆ ದಾರಿಯಿಲ್ಲ, ಆ ಕಾಳೂ ಇಲ್ಲ. ಆದ್ದರಿಂದ ಕೂದಲು ಹೊರಬರುವ ಹಿಂದಿನ ವಾರ, ಮುಂದಿನ ವಾರ ಹೊಲ ಒಣಗಲು ಬಿಡಲೇಬೇಡಿ. ಕಾಲುವೆ ನೀರು ತಡವಾಗುವಂತಿದ್ದರೆ ಬಾವಿಯ ನೀರನ್ನು ಈ ದಿನಗಳಿಗೆಂದೇ ಉಳಿಸಿಕೊಳ್ಳಿ.

ಪರಾಗ ಉದುರಿದ ಕೆಲವು ದಿನಗಳ ನಂತರ ಒಂದು ತೆನೆ ಕಿತ್ತು, ಸಿಪ್ಪೆಯನ್ನು ಉದ್ದಕ್ಕೆ ಸೀಳಿ, ಕೂದಲು ಜಗ್ಗದಂತೆ ನಿಧಾನವಾಗಿ ಬಿಡಿಸಿ. ಆಮೇಲೆ ತೆನೆಯನ್ನು ಮೆಲ್ಲಗೆ ಅಲುಗಾಡಿಸಿ. ಫಲಗೊಂಡ ಅಂಡಕದ ಎಳೆ ತಾನಾಗಿ ಕಳಚಿ ಬೀಳುತ್ತದೆ. ಫಲಗೊಳ್ಳದ್ದು ಅಂಟಿಕೊಂಡೇ ಇರುತ್ತದೆ. ಹೊಲದ ನಾಲ್ಕಾರು ಕಡೆ ಹೀಗೆ ನೋಡಿದರೆ ಇಳುವರಿಯ ಅಂದಾಜು ಸಿಗುತ್ತದೆ. ತುದಿಯ ಎಳೆಗಳು ಕೊನೆಗೆ ಹೊರಬರುತ್ತವೆ, ಅಲ್ಲಿ ಒಂದಿಷ್ಟು ಉಳಿದಿದ್ದರೆ ಗಾಬರಿ ಬೇಡ.

ಹಿತ್ತಲಲ್ಲಿ ಬೆಳೆಯುವವರು ಒಂದೇ ಉದ್ದ ಸಾಲಿನ ಬದಲು ನಾಲ್ಕೈದು ಗಿಡ್ಡ ಸಾಲು ಹಾಕಿ. ಪರಾಗ ಬರುವುದು ಗಾಳಿಯಲ್ಲಿ, ಅಕ್ಕಪಕ್ಕದಲ್ಲಿ ಗಿಡಗಳಿರಬೇಕು.