ವಿಪತ್ತಿನ ನಡುವೆಯೂ ಮಕ್ಕಳ ಕಲಿಕೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ

ಯುನಿಸೆಫ್ ಲೆಕ್ಕದ ಪ್ರಕಾರ 2024ರಲ್ಲಿ 85 ದೇಶಗಳ ಕನಿಷ್ಠ 24.2 ಕೋಟಿ ವಿದ್ಯಾರ್ಥಿಗಳ ಕಲಿಕೆಗೆ ಬಿಸಿಗಾಳಿ, ಚಂಡಮಾರುತ, ನೆರೆಯಂಥ ಹವಾಮಾನ ವಿಪತ್ತುಗಳಿಂದ ಅಡ್ಡಿಯಾಯಿತು. ಆದ್ದರಿಂದ ಸಿದ್ಧತೆ ವಿಪತ್ತಿಗೆ ಮುಂಚೆಯೇ ಆಗಬೇಕು. ಹಾಜರಿ ಪುಸ್ತಕ, ಅಂಕಪಟ್ಟಿಗಳ ಪ್ರತಿಗಳನ್ನು ನೀರು ತಾಗದ ಚೀಲದಲ್ಲಿ ಕಟ್ಟಿ ಎತ್ತರದ ಜಾಗದಲ್ಲಿಡಿ. ಪೋಷಕರ ದೂರವಾಣಿ ಸಂಖ್ಯೆಗಳನ್ನು ಕಾಗದದಲ್ಲೂ ಬರೆದಿಡಿ, ಏಕೆಂದರೆ ವಿದ್ಯುತ್ ಹೋದಾಗ ಮೊಬೈಲನ್ನು ನೆಚ್ಚಿಕೊಳ್ಳಲಾಗದು. ಶಾಲೆಯನ್ನೇ ಆಶ್ರಯ ಕೇಂದ್ರವಾಗಿಸುವುದು ಅನಿವಾರ್ಯವಾದರೆ, ಅದನ್ನು ಎಂದು ತೆರವು ಮಾಡಲಾಗುವುದು, ಅಲ್ಲಿಯವರೆಗೆ ತರಗತಿಗಳು ಎಲ್ಲಿ ನಡೆಯುವುವು ಎಂಬುದನ್ನು ಮೊದಲೇ ಲಿಖಿತವಾಗಿ ನಿಶ್ಚಯಿಸಿಕೊಳ್ಳಿ.

ತಾತ್ಕಾಲಿಕ ತರಗತಿಗೆ ಸುರಕ್ಷಿತ ಜಾಗ, ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕು. ಯುನಿಸೆಫ್ ಕಳುಹಿಸುವ ಶಾಲಾ ಪೆಟ್ಟಿಗೆಯಲ್ಲಿ 40 ಮಕ್ಕಳಿಗಾಗುವಷ್ಟು ಕಲಿಕಾ ಸಾಮಗ್ರಿಯಿದ್ದು, ಅದರ ಮುಚ್ಚಳಕ್ಕೇ ಬಣ್ಣ ಬಳಿದು ಕಪ್ಪುಹಲಗೆಯಾಗಿ ಬಳಸಬಹುದು. ಮೊದಲ ದಿನಗಳಲ್ಲಿ ಪಾಠ ಮುಗಿಸುವ ಅವಸರ ಖಂಡಿತ ಬೇಡ. ನಿತ್ಯ ಅದೇ ಹೊತ್ತಿಗೆ ಕೂಡಿ ಹಾಡುವುದು, ಚಿತ್ರ ಬಿಡಿಸುವುದು, ಕಥೆಯನ್ನು ಗಟ್ಟಿಯಾಗಿ ಓದುವುದು ಸಾಕು. ಬೆದರಿದ ಮಗುವಿಗೆ ದಿನಚರಿಯೇ ದೊಡ್ಡ ಆಸರೆ.

ಶಾಲೆ ಮತ್ತೆ ತೆರೆದ ಮೇಲೆ, ಹಳೆಯ ಹಾಜರಿ ಪಟ್ಟಿಯನ್ನು ಹಿಡಿದು ಬಾರದ ಮಕ್ಕಳ ಮನೆಗೆ ಹೋಗಿ ವಿಚಾರಿಸಿ, ಏಕೆಂದರೆ ಸಂಕಷ್ಟದಲ್ಲಿರುವ ಕುಟುಂಬಗಳ ಮಕ್ಕಳು ದುಡಿಮೆಗೋ ಬಾಲ್ಯವಿವಾಹಕ್ಕೋ ಸಿಲುಕುವ ಅಪಾಯ ಆಗಲೇ ಹೆಚ್ಚು. ದಾಖಲೆಗಳು ಕಳೆದುಹೋಗಿವೆ ಎಂಬ ಕಾರಣಕ್ಕೆ ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸಬೇಡಿ.